ಶಿಯಾನ್‌ನಲ್ಲಿ ಕೇಳಿದ ಪುಲಕೇಶಿಯ ಹೆಸರು

ಪ್ರೀತಿಯ ಪುಟ್ಟಿ,

ಹೋಟೆಲಿನ ವೈಫೈನಲ್ಲಿ ವಾಟ್ಸಾಪ್ ತೆರೆಯುತ್ತಿಲ್ಲ. ಎರಡು ದಿನದಿಂದ ನನ್ನ ಮೆಸೇಜ್ ಬಂದಿಲ್ಲ ಅಂತ ಸಿಟ್ಟಾಗಬೇಡ. ಮೇಜಿನ ಮೇಲೆ ಹೋಟೆಲಿನವರದೇ ಕಾಗದ, ಪೆನ್ನು ಇವೆ. ನಾಳೆ ಬೆಳಿಗ್ಗೆ ನನ್ನ ವಿಮಾನ. ಈ ಪತ್ರವೂ ನನ್ನ ಬ್ಯಾಗಿನಲ್ಲೇ ಬರುತ್ತದೆ, ನಾನೇ ನಿನ್ನ ಕೈಗೆ ಕೊಡುತ್ತೇನೆ. ಮತ್ತೆ ಬರೆಯೋದು ಯಾಕೆ ಅಂತೀಯಾ? ಮನೆಗೆ ಬಂದ ಮೇಲೆ ಅಡುಗೆ, ಬಟ್ಟೆ, ನಿನ್ನ ಟ್ಯೂಷನ್ ಅಂತ ಶುರುವಾದರೆ ಅರ್ಧ ಮರೆತುಹೋಗುತ್ತದೆ. ಇವತ್ತು ಕೇಳಿದ್ದನ್ನು ಇವತ್ತೇ ನಿನಗೆ ಹೇಳಬೇಕು.

ದಸರಾ ರಜೆಯಲ್ಲಿ ಇಳಕಲ್ಲಿನ ಅಜ್ಜಿ ಮನೆಗೆ ಹೋದಾಗ ಐಹೊಳೆಯ ಮೇಗುತಿ ಗುಡ್ಡ ಹತ್ತಿದ್ದೆವು, ನೆನಪಿದೆಯಾ? ಅಲ್ಲಿಯ ಗುಡಿಯ ಗೋಡೆಯ ಮೇಲಿನ, ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿಯ ಶಾಸನ ತೋರಿಸಿ ನಾನು ಹೆಮ್ಮೆಯಿಂದ ಹೇಳಿದ್ದೆ: ಕ್ರಿ.ಶ. 634ರದ್ದು, ಸಂಸ್ಕೃತ ಭಾಷೆ, ಅಕ್ಷರ ಮಾತ್ರ ನಮ್ಮ ಹಳೆಗನ್ನಡದ್ದು, ಇಮ್ಮಡಿ ಪುಲಕೇಶಿ ಉತ್ತರದ ಹರ್ಷವರ್ಧನನನ್ನು ಸೋಲಿಸಿದ ಕಥೆ ಇದರಲ್ಲಿದೆ. ಭಯಕ್ಕೆ ಹರ್ಷನ ಹರ್ಷವೇ ಕರಗಿಹೋಯಿತು ಅಂತ ಕವಿ ಹೆಸರಿನ ಮೇಲೆ ಆಟ ಆಡಿದ್ದಾನೆ ಅಂತಲೂ ಹೇಳಿದೆ. ನೀನು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದೆ: "ಅಮ್ಮಾ, ಅವರ ರಾಜನ ಬಗ್ಗೆ ಅವರೇ ಬರೆದುಕೊಂಡರೆ ಅದು ನಿಜ ಅಂತ ಹೇಗೆ ಗೊತ್ತು? ಬೇರೆ ಯಾರಾದರೂ ನೋಡಿದ್ರಾ?"

ಆವತ್ತು ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನೀರು ಕುಡಿ, ಕೆಳಗೆ ಇಳಿಯೋಣ ಅಂದೆ. ಎಂಥ ಒಳ್ಳೆಯ ಪ್ರಶ್ನೆ ಅದು! ಅದಕ್ಕೆ ಉತ್ತರ ಇಲ್ಲಿ, ಇಷ್ಟು ದೂರದ ಊರಿನಲ್ಲಿ ಸಿಕ್ಕಿತು.

ಮೊದಲು ಊರಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಶಿಯಾನ್ ಅಂದರೆ ಚೀನಾದ ಹಳೆಯ ಚಾಂಗಾನ್. ಟಾಂಗ್ ವಂಶದ ರಾಜರ ರಾಜಧಾನಿ, ರೇಷ್ಮೆ ದಾರಿ ಶುರುವಾಗುತ್ತಿದ್ದ ಜಾಗ. ಈಗ ಊರಿನ ನಡುವೆ ಕಾಣುವ ದೊಡ್ಡ ಕೋಟೆ ಟಾಂಗ್ ಕಾಲದ್ದಲ್ಲ. ಅವರಾದ ಎಷ್ಟೋ ಕಾಲದ ಮೇಲೆ ಬಂದ ಮಿಂಗ್ ರಾಜರು 1370ರ ದಶಕದಲ್ಲಿ ಕಟ್ಟಿಸಿದ್ದು. ಒಂದು ಸುತ್ತು ಬಂದರೆ 13.7 ಕಿಲೋಮೀಟರ್. ಮೇಲೆ ಎಷ್ಟು ಅಗಲ ಇದೆ ಅಂದರೆ ಜನ ಬಾಡಿಗೆ ಸೈಕಲ್ ಹೊಡೆಯುತ್ತಾರೆ. ನಾನೂ ಹೊಡೆದೆ, ಕಾಲು ಭಾಗ ಮಾತ್ರ. ಮೊಣಕಾಲು ಸಾಕು ಅಂದಿತು. ಇಷ್ಟು ದೊಡ್ಡ ಕೋಟೆಯೂ ಟಾಂಗ್ ಕಾಲದ ಚಾಂಗಾನ್ ಮುಂದೆ ಚಿಕ್ಕದಂತೆ. ಆಗಿನ ಊರು 84 ಚದರ ಕಿಲೋಮೀಟರ್ ಹಬ್ಬಿತ್ತು.

ಆಫೀಸಿನ ಕೆಲಸ ಶುಕ್ರವಾರ ಸಂಜೆ ಮುಗಿಯಿತು. ಶನಿವಾರ ಬೆಳಿಗ್ಗೆ ಎದ್ದವಳೇ ಮಣ್ಣಿನ ಸೈನಿಕರನ್ನು ನೋಡಲು ಹೊರಟೆ. ಊರಿನಿಂದ ಪೂರ್ವಕ್ಕೆ ಲಿಂಟಾಂಗ್ ಅಂತ ಒಂದು ಜಾಗ, ಅಲ್ಲಿದೆ ಅದು. ದಾರಿಯಲ್ಲಿ ಒಬ್ಬ ಡ್ರೈವರ್ ಮ್ಯೂಸಿಯಂ ಅಂತ ಹೇಳಿ ಮಣ್ಣಿನ ಗೊಂಬೆ ಮಾರುವ ದೊಡ್ಡ ಅಂಗಡಿಯ ಮುಂದೆ ಇಳಿಸಿ ಹೋದ. ಭಾಷೆ ಬರದ ಊರಿನಲ್ಲಿ ಒಬ್ಬಳೇ ನಿಂತಾಗ ಒಂದು ಕ್ಷಣ ಎದೆ ಝಲ್ ಅಂದಿದ್ದು ನಿಜ. ಒಂದು ತಾಸು ಹಾಳಾಯಿತು. ಅಂಗಡಿಯಲ್ಲಿ ನೆಲ ಒರೆಸುತ್ತಿದ್ದ ಹೆಂಗಸೊಬ್ಬರು ನನ್ನ ಟಿಕೆಟ್ ನೋಡಿ, ಕೈ ಹಿಡಿದುಕೊಂಡೇ ರಸ್ತೆ ದಾಟಿಸಿ, ಸರಿಯಾದ ಬಸ್ಸಿಗೆ ಹತ್ತಿಸಿದರು. ಅವರ ಕೈ ತಣ್ಣಗಿತ್ತು, ಒದ್ದೆಯಿತ್ತು. ಅದು ನೆನಪಿದೆ, ಮುಖ ನೆನಪಿಲ್ಲ.

1974ರ ಮಾರ್ಚಿನಲ್ಲಿ ರೈತರು ಬಾವಿ ತೋಡುವಾಗ ಈ ಸೈನ್ಯ ಸಿಕ್ಕಿದ್ದು ಅಂತ ನಿನಗೆ ಗೊತ್ತು. ಚೀನಾವನ್ನು ಒಂದು ಮಾಡಿದ ಚಿನ್ ಚಕ್ರವರ್ತಿಯ ಸಮಾಧಿಗೆ ಕಾವಲು ಇವರು. ಅವನು ಸತ್ತದ್ದು ಕ್ರಿ.ಪೂ. 210ರಲ್ಲಿ. ಮೊದಲನೇ ಗುಂಡಿಯೇ 230 ಮೀಟರ್ ಉದ್ದ ಇದೆ. ಒಳಗೆ ಕಾಲಿಟ್ಟರೆ ಎಲ್ಲರ ದನಿಯೂ ತಗ್ಗುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ಸಾಲು ಸಾಲು ನಿಂತಿದ್ದಾರೆ, ಒಬ್ಬರ ಮುಖದ ಹಾಗೆ ಇನ್ನೊಬ್ಬರ ಮುಖ ಇಲ್ಲ. ಇದೆಲ್ಲ ಫೋಟೋದಲ್ಲಿ ನೋಡಿದ್ದೀಯ. ಫೋಟೋದಲ್ಲಿ ಕಾಣದ್ದು ಗುಂಡಿಯ ಹಿಂಭಾಗ. ಅಲ್ಲಿ ಸೈನಿಕರಿಲ್ಲ, ಚೂರುಗಳಿವೆ. ಒಂದು ಕೈ, ಅರ್ಧ ಎದೆ, ಒಂದು ಕಿವಿ. ಸಿಕ್ಕಾಗ ಹೆಚ್ಚು ಕಡಿಮೆ ಎಲ್ಲವೂ ಹೀಗೇ ಚೂರಾಗಿದ್ದವಂತೆ. ಮೇಲಿನ ಮರದ ಚಾವಣಿ ಯಾವತ್ತೋ ಸುಟ್ಟು ಕುಸಿದು ಇವರ ತಲೆಯ ಮೇಲೆ ಬಿದ್ದಿತ್ತು. ಈಗ ನಿಂತಿರುವ ಒಬ್ಬೊಬ್ಬನನ್ನೂ ಯಾರೋ ಕೂತು ಚೂರು ಚೂರು ಹುಡುಕಿ ಜೋಡಿಸಿದ್ದಾರೆ.

ನಿನಗೆ ತೋರಿಸಬೇಕು ಅನ್ನಿಸಿದ್ದು ಒಬ್ಬನನ್ನು. ಎರಡನೇ ಗುಂಡಿಯಲ್ಲಿ ಸಿಕ್ಕ ಬಿಲ್ಲುಗಾರ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಮೊಣಕಾಲೂರಿ ಕೂತಿದ್ದಾನೆ. ಹಿಡಿದಿದ್ದ ಬಿಲ್ಲು ಕರಗಿಹೋಗಿದೆ, ಹಿಡಿತ ಮಾತ್ರ ಉಳಿದಿದೆ. ಜನ ಮುಂದೆ ನಿಂತು ಫೋಟೋ ತೆಗೆದು ಹೋಗುತ್ತಿದ್ದರು. ನಾನು ಹಿಂದೆ ಹೋದೆ. ಕೂತಾಗ ಬಲಗಾಲಿನ ಅಂಗಾಲು ಮೇಲೆದ್ದಿರುತ್ತದಲ್ಲ, ಅಲ್ಲಿ ಚಪ್ಪಲಿಯ ಅಟ್ಟೆ ಕಾಣುತ್ತದೆ. ಅಟ್ಟೆಯ ಮೇಲೆ ಹೊಲಿಗೆ! ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಚುಕ್ಕೆ. ಬೆರಳಿನ ಕಡೆ ಹೊಲಿಗೆ ಒತ್ತೊತ್ತಾಗಿದೆ, ಹಿಮ್ಮಡಿಯ ಕಡೆಯೂ ಒತ್ತೊತ್ತು, ನಡುವೆ ಬಿಡಿಬಿಡಿ. ಯಾಕೆ ಹೇಳು? ಚಪ್ಪಲಿ ಸವೆಯುವುದು ಮುಂದೆ ಮತ್ತು ಹಿಂದೆ. ನಿನ್ನ ಸ್ಕೂಲ್ ಶೂ ತಿರುಗಿಸಿ ನೋಡು. ಮಣ್ಣಲ್ಲಿ ಹೂತು ಯಾರೂ ನೋಡದೇ ಇರಲಿ ಅಂತ ಮಾಡಿದ ಗೊಂಬೆಯ ಅಂಗಾಲಿಗೆ ಒಬ್ಬ ಕುಂಬಾರ ಇಷ್ಟು ಲಕ್ಷ್ಯ ಕೊಟ್ಟಿದ್ದಾನೆ. ಪೆಟ್ಟಿಗೆಯ ಹಿಂದೆ ಕಾಲು ಗಂಟೆ ನಿಂತಿದ್ದೆ. ಇವನು ಮುರಿಯದೆ ಉಳಿದದ್ದೂ ಕೂತಿದ್ದರಿಂದಲೇ ಅಂತೆ. ನಿಂತವರ ಮೇಲೆ ಚಾವಣಿ ಮೊದಲು ಬಿತ್ತು, ಇವನು ತಗ್ಗಿನಲ್ಲಿದ್ದ.

ಕೆಲವು ಮೂರ್ತಿಗಳ ಮೈಮೇಲೆ ಮಾಡಿದವನ ಹೆಸರು ಇದೆ. ಹೊಗಳಲಿಕ್ಕಲ್ಲ, ಕೆಲಸ ಕೆಟ್ಟರೆ ಯಾರನ್ನು ಹಿಡಿಯಬೇಕು ಅಂತ ಗೊತ್ತಾಗಲಿಕ್ಕೆ. ಅದನ್ನು ಓದಿದಾಗ ನಮ್ಮ ಐಹೊಳೆಯ ನರಸೊಬ್ಬ ನೆನಪಾದ. ಅವನಂಥ ಶಿಲ್ಪಿ ಇನ್ನೊಬ್ಬನಿಲ್ಲ ಅಂತ ಕಲ್ಲಿನ ಮೇಲೆ ಬರೆದಿದ್ದಾರಲ್ಲ. ಈ ಕುಂಬಾರರಿಗೂ ಅಂಥ ಒಂದು ಸಾಲು ಯಾರಾದರೂ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು.

ಇನ್ನೊಂದು ಮಾತು. ಇವರಿಗೆಲ್ಲ ಬಣ್ಣ ಇತ್ತು: ಕೆಂಪು, ಹಸಿರು, ನೇರಳೆ. ಮಣ್ಣಿಂದ ಹೊರಗೆ ತೆಗೆದು ಒಣಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಬಣ್ಣದ ಕೆಳಗಿನ ಅರಗಿನಂಥ ಪದರ ಸುರುಟಿಕೊಂಡು ಉದುರಿಹೋಯಿತು. ಎರಡು ಸಾವಿರ ವರ್ಷ ಇದ್ದದ್ದು ನೋಡುವವರ ಕಣ್ಣೆದುರೇ ಹೋಯಿತು. ಹಾಗಾಗಿಯೇ ಚಕ್ರವರ್ತಿಯ ಸಮಾಧಿಯ ದಿಬ್ಬವನ್ನು ಇವರು ಇನ್ನೂ ತೆರೆದಿಲ್ಲ. ಬಣ್ಣ, ಬಟ್ಟೆ ಉಳಿಸಿಕೊಳ್ಳುವ ಭರವಸೆ ಬರುವವರೆಗೆ ಮುಟ್ಟುವುದಿಲ್ಲ ಅನ್ನುತ್ತಾರೆ. ಒಳಗೇನಿದೆ ಅಂತ ನೋಡುವ ಆಸೆ ತಡೆದುಕೊಂಡು ಕಾಯುವುದಿದೆಯಲ್ಲ, ಅದು ನನಗೆ ತುಂಬಾ ಹಿಡಿಸಿತು.

ಊಟಕ್ಕೆ ಏನು ಮಾಡಿದೆ ಅಂತ ಅಜ್ಜಿ ಮೊದಲು ಕೇಳುತ್ತಾರೆ. ಹೇಳು ಅವರಿಗೆ, ಹಸಿದಿಲ್ಲ. ಡ್ರಮ್ ಟವರ್ ಹಿಂದೆ ಮುಸ್ಲಿಮರ ಹಳೆಯ ಕೇರಿ ಇದೆ. ರೇಷ್ಮೆ ದಾರಿಯಲ್ಲಿ ಬಂದು ಇಲ್ಲೇ ಬೇರು ಬಿಟ್ಟವರ ವಂಶ. ಅವರ ದೊಡ್ಡ ಮಸೀದಿಗೆ ಗುಮ್ಮಟವೇ ಇಲ್ಲ, ಚೀನೀ ಗುಡಿಯ ಹಾಗೆ ಬಾಗಿದ ಹೆಂಚಿನ ಸೂರು, ಅಂಗಳದ ತುಂಬ ಮರ. ಕೇರಿಯಲ್ಲಿ ಎಲ್ಲ ಕಡೆ ಕುರಿ ಮಾಂಸದ ಹೊಗೆ. ನನಗೆ ಸಿಕ್ಕಿದ್ದು ಲಿಯಾಂಗ್‌ಪಿ. ಅಂಗಡಿಯಾಕೆ ಮಾಡುವ ಬಗೆಯನ್ನು ಕೈಸನ್ನೆಯಲ್ಲೇ ತೋರಿಸಿದಳು: ಗೋಧಿ ಹಿಟ್ಟು ನಾದಿ, ನೀರಿನಲ್ಲಿ ತೊಳೆದು ತೊಳೆದು ಹಾಲು ತೆಗೆದು, ಆ ಹಾಲು ತಿಳಿಯಾಗಲು ಬಿಟ್ಟು, ತಟ್ಟೆಯಲ್ಲಿ ಹೊಯ್ದು ಹಬೆಯಲ್ಲಿ ಬೇಯಿಸಿ, ಹಾಳೆಯ ಹಾಗೆ ಎತ್ತಿ, ಕತ್ತರಿಸುವುದು. ಅಯ್ಯೋ, ಇದು ಅಜ್ಜಿ ಕುರಡಿಗೆಗೆ ಗೋಧಿ ಹಾಲು ತೆಗೆಯುವ ಹಾಗೇ ಇದೆಯಲ್ಲ ಅನ್ನಿಸಿತು! ಅಜ್ಜಿ ಗೋಧಿ ನೆನೆಸಿ ರುಬ್ಬುತ್ತಾರೆ, ಇವರು ಹಿಟ್ಟು ತೊಳೆಯುತ್ತಾರೆ, ಅಷ್ಟೇ ವ್ಯತ್ಯಾಸ. ಮೇಲೆ ಸೌತೆಕಾಯಿ, ಹುಳಿ, ಖಾರದ ಎಣ್ಣೆ. ಎರಡು ತಟ್ಟೆ ತಿಂದೆ.

ಈಗ ಇವತ್ತಿನ ಕಥೆ.

ಬೆಳಿಗ್ಗೆ ಮೆಟ್ರೊದಲ್ಲಿ ದಾಯನ್‌ತಾಗೆ ಹೋದೆ. ದೊಡ್ಡ ಕಾಡು ಹೆಬ್ಬಾತಿನ ಗೋಪುರ ಅಂತ ಅರ್ಥ. ನಿನ್ನ ಪುಸ್ತಕದಲ್ಲಿ ಹ್ಯೂಯೆನ್ ತ್ಸಾಂಗ್ ಅಂತ ಇದ್ದಾನಲ್ಲ, ಇಲ್ಲಿಯವರು ಅವನನ್ನು ಷುವಾನ್‌ಜಾಂಗ್ ಅನ್ನುತ್ತಾರೆ. ಅವನ ಗೋಪುರ ಇದು. ಇಟ್ಟಿಗೆಯದು, ಚೌಕ, ಏಳು ಅಂತಸ್ತು, 64 ಮೀಟರ್ ಎತ್ತರ. ಅಲಂಕಾರ ಜಾಸ್ತಿ ಇಲ್ಲ. ಸ್ವಲ್ಪ ವಾಲಿಕೊಂಡು ನಿಂತಿದೆ. ಈಗ ಕೋಟೆಯ ಹೊರಗೆ ಇದೆ, ಟಾಂಗ್ ಕಾಲದಲ್ಲಿ ಊರೊಳಗೇ ಇತ್ತು.

ಆ ಮನುಷ್ಯನ ಧೈರ್ಯ ನೋಡು. ಸುಮಾರು 629ರಲ್ಲಿ, ಇನ್ನೂ ಮೂವತ್ತು ಆಗಿರಲಿಲ್ಲ. ಗಡಿ ದಾಟಬಾರದು ಅಂತ ರಾಜಾಜ್ಞೆ ಇತ್ತು. ಕದ್ದು ಹೊರಟ. ಕೈಲಿದ್ದ ಬೌದ್ಧ ಗ್ರಂಥಗಳ ಅನುವಾದ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ, ಮೂಲವನ್ನೇ ಓದಬೇಕು ಅನ್ನುವ ಒಂದೇ ಹಟ. ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ ಚೆಲ್ಲಿಹೋಯಿತು. ನೀರಿಲ್ಲದೆ ನಾಲ್ಕು ರಾತ್ರಿ, ಐದು ಹಗಲು ಕಳೆದ ಅಂತ ಅವನ ಶಿಷ್ಯರು ಬರೆದಿದ್ದಾರೆ. ನಳಂದದಲ್ಲಿ ಓದಿದ. ದಕ್ಷಿಣಕ್ಕೆ ಬಂದು ಕಂಚಿ ನೋಡಿದ. ಅಲ್ಲಿಂದ ನಮ್ಮ ಚಾಲುಕ್ಯರ ನಾಡಿನೊಳಗೆ ನಡೆದ. ವಾಪಸ್ ಹೋಗುವಾಗ ಸಿಂಧೂ ನದಿಯಲ್ಲಿ ದೋಣಿ ಅಲುಗಾಡಿ ಐವತ್ತು ಹಸ್ತಪ್ರತಿ ನೀರುಪಾಲಾದವು. ಜೊತೆಗೆ ನಮ್ಮ ದೇಶದಿಂದ ಒಯ್ಯುತ್ತಿದ್ದ ಹೂವಿನ ಬೀಜಗಳೂ ಹೋದವು. ಹೂವಿನ ಬೀಜ, ಪುಟ್ಟಿ! ಗ್ರಂಥ ಹೊತ್ತುಕೊಂಡು ಹೋಗುವವನು ಬೀಜವನ್ನೂ ಕಟ್ಟಿಕೊಂಡಿದ್ದ.

645ರಲ್ಲಿ ಚಾಂಗಾನ್ ತಲುಪಿದಾಗ ಇಪ್ಪತ್ತು ಕುದುರೆಗಳ ಮೇಲೆ 657 ಗ್ರಂಥಗಳಿದ್ದವು. ಕದ್ದು ಹೋದವನನ್ನು ನೋಡಲು ಊರಿಗೆ ಊರೇ ಬೀದಿಗೆ ಬಂದಿತ್ತು. ಆ ಗ್ರಂಥಗಳನ್ನು ಬೆಂಕಿಯಿಂದ ಉಳಿಸಬೇಕು ಅಂತ 652ರಲ್ಲಿ ಗೋಪುರ ಕಟ್ಟಿಸಿದ. ಇಟ್ಟಿಗೆ ಹೊರುವ ಕೆಲಸಕ್ಕೆ ತಾನೂ ನಿಂತನಂತೆ. ಈಗಿರುವುದು ಐವತ್ತು ವರ್ಷದ ಮೇಲೆ ಮತ್ತೆ ಕಟ್ಟಿದ ರೂಪ. 664ರಲ್ಲಿ ಸಾಯುವವರೆಗೂ ಅನುವಾದ ಮಾಡುತ್ತಲೇ ಇದ್ದ.

ಮರದ ಮೆಟ್ಟಿಲು ಹತ್ತಿ ಮೇಲಿನ ಕಿಟಕಿಯಿಂದ ನೋಡಿದೆ. ನಾಲ್ಕೂ ಕಡೆ ನೇರ ರಸ್ತೆ, ಅಪಾರ್ಟ್‌ಮೆಂಟು, ಮಂಜು. ಇಳಿದು ಬಂದಾಗ ಹತ್ತಿರದ ಪುಸ್ತಕದ ಅಂಗಡಿಯಲ್ಲಿ ಕಾಲೇಜು ವಯಸ್ಸಿನ ಹುಡುಗಿ ಕೂತಿದ್ದಳು. ಮೊಬೈಲ್ ಅನುವಾದಕದಲ್ಲಿ ಕೇಳಿದೆ: ಷುವಾನ್‌ಜಾಂಗ್ ಬರೆದ ಪ್ರವಾಸದ ಪುಸ್ತಕ ಇದೆಯಾ? ಇತ್ತು. ಭಾರತದ ದಕ್ಷಿಣದ ರಾಜನ ಬಗ್ಗೆ ಇರುವ ಜಾಗ ಹುಡುಕಿಕೊಡ್ತೀಯಾ? ಅವಳಿಗೆ ಗೊತ್ತಿರಲಿಲ್ಲ. ಹನ್ನೊಂದನೇ ಭಾಗ ಅಂತ ನಾನು ಹಿಂದೆ ಓದಿ ನೆನಪಿಟ್ಟಿದ್ದೆ, ಬೆರಳಲ್ಲಿ ತೋರಿಸಿದೆ. ಪುಟ ತಿರುಗಿಸಿದಳು. ಒಂದು ಕಡೆ ಬೆರಳು ನಿಲ್ಲಿಸಿದಳು. "ಮೊ ಹ ಲಾ ಚಾ" ಅಂತ ಓದಿದಳು. ಮಹಾರಾಷ್ಟ್ರ! ನಮ್ಮ ಚಾಲುಕ್ಯರ ನಾಡಿಗೆ ಅವನು ಕೊಟ್ಟ ಹೆಸರು ಅದೇ. ಮುಂದೆ ಮುಂದೆ ಅಂದೆ. ಎರಡು ಸಾಲು ಮೆಲ್ಲಗೆ ಓದಿದಳು, ನನಗೇನೂ ಅರ್ಥ ಆಗಲಿಲ್ಲ. ಆಮೇಲೆ ನಾಲ್ಕು ಅಕ್ಷರ ಬಿಡಿಬಿಡಿಯಾಗಿ: "ಬು. ಲುವೊ. ಜಿ. ಷ."

ನಾನು "ಪುಲಕೇಶಿ" ಅಂದೆ.

ಅವಳು ತಲೆಯೆತ್ತಿ ನೋಡಿದಳು. ಮತ್ತೆ ಅಂದೆ, ನಿಧಾನಕ್ಕೆ. ಪು, ಲ, ಕೇ, ಶಿ. ಅವಳು ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು "ಬು, ಲುವೊ, ಜಿ, ಷ" ಅಂದಳು. ಇಬ್ಬರೂ ಒಟ್ಟಿಗೆ ಹೇಳಿದೆವು. ನನ್ನ ಕಣ್ಣು ತುಂಬಿತು. ನಮ್ಮ ಊರಿನ ರಾಜ ಅಂತ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದೆ. ಅವಳು ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡಳು.

ಆ ಪುಟವನ್ನು ಅನುವಾದಕದಲ್ಲಿ ಹಾಕಿ, ಮೊದಲು ಓದಿದ್ದರ ಜೊತೆ ಹೋಲಿಸಿ ಓದಿದೆ. ಅವನು ಬರೆದದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಈ ನಾಡಿನ ಜನ ಎತ್ತರದ ಆಳು, ಅಭಿಮಾನಿಗಳು. ಉಪಕಾರ ಮರೆಯುವುದಿಲ್ಲ, ಅವಮಾನವನ್ನೂ ಮರೆಯುವುದಿಲ್ಲ. ಸೇಡು ತೀರಿಸುವ ಮೊದಲು ಎದುರಾಳಿಗೆ ಹೇಳಿ ಬರುತ್ತಾರೆ. ಶರಣಾದವನನ್ನು ಕೊಲ್ಲುವುದಿಲ್ಲ. ಯುದ್ಧಕ್ಕೆ ಮೊದಲು ವೀರರೂ ಕುಡಿಯುತ್ತಾರೆ, ಆನೆಗಳಿಗೂ ಕುಡಿಸುತ್ತಾರೆ. ಸೋತು ಬಂದ ದಳಪತಿಗೆ ಶಿಕ್ಷೆ ಇಲ್ಲ, ಹೆಂಗಸರ ಬಟ್ಟೆ ಕೊಡುತ್ತಾರೆ, ಆ ನಾಚಿಕೆಗೇ ಅವನು ಪ್ರಾಣ ಬಿಡುತ್ತಾನೆ. (ಇಲ್ಲಿ ನೀನು ಸಿಟ್ಟಾಗುತ್ತೀಯ, ಗೊತ್ತು. ನನಗೂ ಸಿಟ್ಟು ಬಂತು. ನಮ್ಮ ಬಟ್ಟೆ ಉಡುವುದು ಸಾಯುವಷ್ಟು ಅವಮಾನ ಯಾಕಾಗಬೇಕು? ಪುಲಕೇಶಿಯ ಕಾಲ ಅಂದಮಾತ್ರಕ್ಕೆ ಅದು ಸರಿ ಆಗಲ್ಲ.) ರಾಜ ದೂರದ ಯೋಚನೆಯವನು, ಕರುಣೆ ಇರುವವನು, ಅವನ ಜನ ಅವನಿಗೆ ಮನಸಾರೆ ದುಡಿಯುತ್ತಾರೆ.

ಆಮೇಲೆ ನಿನ್ನ ಪ್ರಶ್ನೆಯ ಜಾಗ. ಹರ್ಷ ಪೂರ್ವ ಪಶ್ಚಿಮ ಎಲ್ಲ ಗೆದ್ದ, ದೂರದವರೂ ತಲೆ ಬಾಗಿದರು, ಈ ನಾಡಿನವರು ಮಾತ್ರ ಬಾಗಲಿಲ್ಲ. ಸೈನ್ಯ ಕೂಡಿಸಿ, ಬೇರೆ ಬೇರೆ ನಾಡಿನ ಒಳ್ಳೊಳ್ಳೆ ವೀರರನ್ನು ಕರೆಸಿ, ಹರ್ಷ ತಾನೇ ಮುಂದೆ ನಿಂತು ಬಂದರೂ ಇವರನ್ನು ಗೆಲ್ಲಲಾಗಲಿಲ್ಲ.

ಇದನ್ನು ಹೇಳುತ್ತಿರುವುದು ಯಾರು ನೋಡು. ಪುಲಕೇಶಿಯ ಆಸ್ಥಾನದ ಕವಿ ಅಲ್ಲ. ಪುಲಕೇಶಿಯಿಂದ ಒಂದು ಕಾಸೂ ಬೇಕಿಲ್ಲದವನು. ಅದೂ ಅಲ್ಲದೆ, ಹರ್ಷನಿಗೆ ಬೇಕಾದವನು! ಹರ್ಷ ಅವನನ್ನು ತನ್ನ ಸಭೆಗೆ ಕರೆಸಿ ಮೆರೆಸಿದ್ದ. ಆ ಸ್ನೇಹಿತನ ಸೋಲನ್ನು ಅವನು ಮುಚ್ಚಿಡಲಿಲ್ಲ. ರವಿಕೀರ್ತಿ ಮೇಗುತಿಯ ಗೋಡೆಯಲ್ಲಿ ಬರೆದದ್ದನ್ನು ಎದುರು ಕಡೆಯವರ ಗೆಳೆಯ ಸಾವಿರಾರು ಮೈಲಿ ದೂರದಲ್ಲಿ ಬೇರೆ ಭಾಷೆಯಲ್ಲಿ ಒಪ್ಪಿಕೊಂಡಿದ್ದಾನೆ. ಒಬ್ಬರ ಬರಹ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಹಾಗಂತ ಎಲ್ಲವನ್ನೂ ನಮ್ಮ ಕಡೆಗೆ ಎಳೆದುಕೊಳ್ಳುವುದು ಬೇಡ. ನಾನು ರಾಜನನ್ನು ಭೇಟಿಯಾದೆ ಅಂತ ಅವನು ಬರೆದಿಲ್ಲ. ರಾಜಧಾನಿಯ ಪಶ್ಚಿಮಕ್ಕೆ ದೊಡ್ಡ ನದಿ ಇದೆ ಅನ್ನುತ್ತಾನೆ, ನಮ್ಮ ಬಾದಾಮಿಯಲ್ಲಿ ಇರುವುದು ಅಗಸ್ತ್ಯತೀರ್ಥದ ಕೆರೆ. ಅವನು ನೋಡಿದ್ದು ನಾಸಿಕ್ ಇರಬೇಕು ಅಂತ ವಿದ್ವಾಂಸರು ಊಹಿಸುತ್ತಾರೆ. ಸೋಲಿಸಿದ್ದು, ಗೆಲ್ಲಲಾಗದೇ ಹೋದದ್ದು, ಇವೆರಡೂ ಒಂದೇ ಮಾತಲ್ಲ. ಅದನ್ನೂ ನೀನು ಬಿಡುವವಳಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು. ಅವನು ಈ ಪುಸ್ತಕ ಹೇಳಿ ಬರೆಸಿ ಮುಗಿಸಿದ್ದು 646ರಲ್ಲಿ, ಇದೇ ಊರಿನಲ್ಲಿ. ಅದರಲ್ಲಿ ಪುಲಕೇಶಿ ಇನ್ನೂ ಇದ್ದಾನೆ, ಜನ ಇನ್ನೂ ಅವನಿಗೆ ದುಡಿಯುತ್ತಿದ್ದಾರೆ, ಡೋಲು ಬಡಿಯುತ್ತಾ ವೀರರು ಬೀದಿಯಲ್ಲಿ ಹೋಗುತ್ತಿದ್ದಾರೆ. ಆದರೆ 642ರಲ್ಲೇ ಪಲ್ಲವರ ನರಸಿಂಹವರ್ಮ ಬಾದಾಮಿಗೆ ನುಗ್ಗಿದ್ದ. ಪುಲಕೇಶಿಯ ಆಳ್ವಿಕೆ ಅಲ್ಲಿಗೆ ಮುಗಿದಿತ್ತು. ಬಾದಾಮಿ ಆಗ ಪಲ್ಲವರ ಕೈಯಲ್ಲಿತ್ತು. ಇಲ್ಲಿ, ಈ ಕಾಗದದ ಮೇಲೆ ಮಾತ್ರ, ಅವನು ಸೋಲದ ರಾಜನಾಗಿಯೇ ಇದ್ದ.

ಮಧ್ಯಾಹ್ನ ಶಿಲಾಶಾಸನಗಳ ಮ್ಯೂಸಿಯಂಗೂ ಹೋಗಿದ್ದೆ. 1087ರಿಂದ ಕಲ್ಲುಗಳನ್ನು ಕೂಡಿಸಿಟ್ಟ ಜಾಗ, ಕಲ್ಲಿನ ಕಾಡು ಅಂತಲೇ ಹೆಸರು. ಅಲ್ಲಿ ಒಬ್ಬರು ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಮೆಲ್ಲಗೆ ಬಡಿದು, ಮಸಿಯ ಗಂಟು ತಟ್ಟುತ್ತಿದ್ದರು. ತಟ್, ತಟ್, ತಟ್. ಅಕ್ಷರ ಬಿಳಿಯಾಗಿ ಎದ್ದು ಬಂತು. ನಮ್ಮಲ್ಲೂ ಶಾಸನದ ಪಡಿಯಚ್ಚು ತೆಗೆಯುವುದು ಹೀಗೇ.

ಚಳಿಗಾಲದ ರಜೆಗೆ ಬಾದಾಮಿಗೆ ಹೋಗೋಣ. ಅಲ್ಲಿಯ ಬಂಡೆಯ ಮೇಲೆ ನರಸಿಂಹವರ್ಮನೂ ತನ್ನ ಶಾಸನ ಬಿಟ್ಟುಹೋಗಿದ್ದಾನೆ, ತುಂಬಾ ಸವೆದಿದೆ. ಬೆಳಿಗ್ಗೆ ಬೇಗ ಹೋದರೆ ಓರೆ ಬಿಸಿಲಲ್ಲಿ ಅಕ್ಷರ ಕಾಣುತ್ತದೆ. ಟಾರ್ಚ್ ತಗೊಂಡು ಹೋಗೋಣ.

ಅಂಗಡಿಯ ಹುಡುಗಿ ನಿನಗೋಸ್ಕರ ಆ ನಾಲ್ಕು ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬ್ರಷ್‌ನಿಂದ ಬರೆದುಕೊಟ್ಟಿದ್ದಾಳೆ. ಈ ಪತ್ರದ ಜೊತೆ ಇಟ್ಟಿದ್ದೇನೆ. ಮೇಲಿನಿಂದ ಕೆಳಕ್ಕೆ ಓದಬೇಕು. ಕೊನೆಯ ಅಕ್ಷರದ ಹತ್ತಿರ ಮಸಿ ಸ್ವಲ್ಪ ಹರಡಿದೆ, ಅದು ನನ್ನ ಹೆಬ್ಬೆರಳು ತಾಗಿದ್ದು.

ನಿನ್ನ
ಅಮ್ಮ